ಹಳೇ ಸೇನಾ ಪಿಸ್ತೂಲು: ಅಗ್ಗದಲ್ಲಿ ಒಳ್ಳೆಯದನ್ನು ಆರಿಸುವುದು ಹೇಗೆ?

ಯುರೋಪಿನ ಸೇನೆ, ಪೊಲೀಸ್ ಉಗ್ರಾಣಗಳಿಂದ ಹೊರಬಿದ್ದ ಪಿಸ್ತೂಲುಗಳು ಅಮೆರಿಕದ ಬಂದೂಕು ಅಂಗಡಿಗಳಲ್ಲಿ ಹೊಸದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಅಲ್ಲಿ ನೆಲೆಸಿ ಗುರಿ ಅಭ್ಯಾಸದ ಹವ್ಯಾಸ ಹಿಡಿದ ಕನ್ನಡಿಗರೂ ಇವನ್ನು ಕೊಳ್ಳುತ್ತಾರೆ. ಆದರೆ ಹೆಚ್ಚಿನವರು ಬೆಲೆ ಚೀಟಿಯನ್ನೂ ಹೊಳಪನ್ನೂ ನೋಡಿ ಆರಿಸುತ್ತಾರೆ. ಗುಂಡು ಎಲ್ಲಿ ಸಿಗುತ್ತದೆ, ಹ್ಯಾಮರ್ (ಗುಂಡು ಸಿಡಿಸಲು ಹಿಂದಿನಿಂದ ಬಡಿಯುವ ಸುತ್ತಿಗೆ) ಗಟ್ಟಿಯಾಗಿ ನಿಲ್ಲುತ್ತದೆಯೇ ಎಂಬ ಯೋಚನೆ ಬರುವುದು ಮನೆಗೆ ತಂದ ಮೇಲೆ. ಆರಿಸುವ ಕ್ರಮವನ್ನೇ ತಿರುಗಿಸಿಕೊಳ್ಳಬೇಕು.

ಮೊದಲು ಕಾನೂನು

ಎಚ್‌-1ಬಿ, ಎಫ್‌-1ರಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಕೊಳ್ಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದೂ ಫೆಡರಲ್ ಅಪರಾಧ. ಬೇಟೆ ಪರವಾನಗಿ ಪಡೆದವರಿಗೆ ಇರುವಂಥ ಕೆಲವೇ ವಿನಾಯಿತಿಗಳಿವೆ. ಅವನ್ನು ವಕೀಲರ ಬಳಿ ಖಚಿತಪಡಿಸಿಕೊಳ್ಳದೆ ಮುಂದುವರಿಯಬೇಡಿ. ಗ್ರೀನ್ ಕಾರ್ಡ್ ಇದ್ದವರು ಕೊಳ್ಳಬಹುದು. ಪರವಾನಗಿ ಪಡೆದ ಅಂಗಡಿಯಲ್ಲಿ ಪಿಸ್ತೂಲು ಕೊಳ್ಳಲು 21 ವರ್ಷ ತುಂಬಿರಬೇಕು, 4473 ನಮೂನೆ ತುಂಬಿ ಹಿನ್ನೆಲೆ ತಪಾಸಣೆ ದಾಟಬೇಕು. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟಿದರೂ ಪಿಸ್ತೂಲು ಬರುವುದು ನಿಮ್ಮ ರಾಜ್ಯದ ಡೀಲರ್ ಬಳಿಗೇ; ಅವರ ವರ್ಗಾವಣೆ ಶುಲ್ಕವನ್ನೂ ಲೆಕ್ಕಕ್ಕೆ ಸೇರಿಸಿ. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ನ್ಯೂಜೆರ್ಸಿಗಳಲ್ಲಿ ಮ್ಯಾಗಜೀನಿಗೆ, ಅಂದರೆ ಗುಂಡು ತುಂಬುವ ಡಬ್ಬಿಗೆ, 10 ಗುಂಡಿನ ಮಿತಿ ಇದೆ. 12 ಅಥವಾ 15 ಗುಂಡಿನ ಮಾದರಿಗೆ ಮನಸೋಲುವ ಮುನ್ನ ಇದು ಗೊತ್ತಿರಲಿ.

ಗುಂಡಿನಿಂದ ಶುರುಮಾಡಿ

ಪಿಸ್ತೂಲಿಗೆ ಒಮ್ಮೆ ದುಡ್ಡು ಕೊಟ್ಟರೆ ಮುಗಿಯಿತು, ಗುಂಡಿಗೆ ಪ್ರತಿ ವಾರ ಕೊಡಬೇಕು. ಅಂಗಡಿಗಳಲ್ಲಿ ಸುಲಭವಾಗಿ, ಅಗ್ಗವಾಗಿ ಸಿಗುವುದು 9×19, ಅಂದರೆ ಸುಮಾರು 9 ಮಿ.ಮೀ. ವ್ಯಾಸದ, 19 ಮಿ.ಮೀ. ಉದ್ದದ ಕೋಶದ ಗುಂಡು. ತಿಂಗಳಿಗೆ ನಾಲ್ಕಾರು ಪೆಟ್ಟಿಗೆ ಖಾಲಿ ಮಾಡುವವರು ಈ ಅಳತೆ ಬಿಟ್ಟು ಬೇರೆಯದನ್ನು ನೋಡಲೇಬಾರದು. ಇದರಲ್ಲಿ ಸಿಗುವ ಹಳೆಯ ಮಾಲು ಸ್ಪೇನಿನ ಸ್ಟಾರ್ ಬಿಎಂ, ಇಟಲಿ ಪೊಲೀಸರು ಬಳಸಿದ ಬೆರೆಟ್ಟಾ 92ಎಸ್.

9×18 ಮಕಾರೊವ್ ಗುಂಡು ಎರಡನೆಯ ಆಯ್ಕೆ. ಹೆಸರಿನಲ್ಲಿ 9 ಇದ್ದರೂ ಇದರ ಸೀಸದ ತುದಿಯ ವ್ಯಾಸ ಸುಮಾರು 9.27 ಮಿ.ಮೀ.; 9×19ರದ್ದು 9.01. ಒಂದರ ಗುಂಡು ಇನ್ನೊಂದರಲ್ಲಿ ನಡೆಯುವುದಿಲ್ಲ. .380 ಎಸಿಪಿ ಎಂಬ ಇನ್ನೊಂದು ಅಳತೆಯ ಗುಂಡು ಮಕಾರೊವ್‌ನಲ್ಲಿ ಕೆಲವೊಮ್ಮೆ ಹಾರುತ್ತದೆ, ಅದನ್ನೇ ನೆಪಮಾಡಿ 'ಎರಡೂ ನಡೆಯುತ್ತದೆ' ಎನ್ನುವ ಮಾರಾಟಗಾರನಿಂದ ಏನನ್ನೂ ಕೊಳ್ಳಬೇಡಿ.

7.62×25 ಟೊಕರೆವ್ ಗುಂಡು ಒಂದು ಕಾಲದಲ್ಲಿ ಡಬ್ಬಿಗಟ್ಟಲೆ ಅಗ್ಗವಾಗಿ ಬರುತ್ತಿತ್ತು, ಆ ದಾಸ್ತಾನು ಬತ್ತಿದೆ. ಈಗ ಪ್ರವಿ ಪಾರ್ಟಿಜಾನ್, ಸೆಲಿಯರ್ ಆಂಡ್ ಬೆಲ್ಲೊ ಕಂಪನಿಗಳ ಹೊಸ ಮಾಲನ್ನೇ ನೆಚ್ಚಬೇಕು. ನಾಗಾಂತ್ ರಿವಾಲ್ವರಿನ 7.62×38 ಗುಂಡು ಇನ್ನೂ ಅಪರೂಪ. 1895ರ ಆ ಮಾದರಿಯನ್ನು ಸಂಗ್ರಹಕ್ಕೆ ಕೊಳ್ಳಿ, ಅಭ್ಯಾಸಕ್ಕೆ ಬೇಡ. ಅದರ ಟ್ರಿಗರ್ ಎಳೆಯುವುದೇ ಬೆರಳಿಗೆ ಶಿಕ್ಷೆ.

ಮಾದರಿಗಳು

ಮೊದಲ ಹಳೆಯ ಪಿಸ್ತೂಲು ಕೊಳ್ಳುವವರಿಗೆ 9×18 ಗುಂಡಿನ, ಜೆಕ್ ದೇಶದ ಸಿಝಡ್-82 ಒಳ್ಳೆಯದು. 12 ಗುಂಡು ಹಿಡಿಯುತ್ತದೆ, ಗುಂಡು ಹಾರದಂತೆ ತಡೆಯುವ ಸೇಫ್ಟಿಯೂ ಮ್ಯಾಗಜೀನ್ ಬಟನ್ನೂ ಎರಡೂ ಬದಿಗಿವೆ, ನಳಿಗೆಗೆ ಒಳಗಿನಿಂದ ಕ್ರೋಮ್ ಲೇಪವಿದೆ. ಅದು ಸಿಗದಿದ್ದರೆ ಬಲ್ಗೇರಿಯಾದ ಮಕಾರೊವ್: 8 ಗುಂಡು, ಸುಮಾರು 730 ಗ್ರಾಂ, ಬಿಡಿಭಾಗ ಕಡಿಮೆ, ಕೆಡುವುದೂ ಕಡಿಮೆ. ಪೋಲೆಂಡಿನ ಪಿ-64 ಪುಟ್ಟದು, 6 ಗುಂಡಿನದು. ಮೊದಲ ಎಳೆತಕ್ಕೆ ಅದರ ಟ್ರಿಗರ್ ವಿಪರೀತ ಬಿಗಿ, ಒದೆತ ಅಂಗೈಗೆ ಚುರುಕು ಮುಟ್ಟಿಸುತ್ತದೆ. ಹಂಗೇರಿಯ ಪಿಎ-63ರ ಚೌಕಟ್ಟು ಅಲ್ಯುಮಿನಿಯಂ, ಅಲ್ಲಿಯೂ ಒದೆತದ ದೂರು ಇದ್ದದ್ದೇ. ಕಲಿಯುವವರ ಕೈಗೆ ಈ ಎರಡನ್ನೂ ಕೊಡಬಾರದು.

ಟೊಕರೆವ್ ವಂಶದಲ್ಲಿ ಯುಗೋಸ್ಲಾವಿಯಾದ ಜಾಸ್ತವಾ ಎಂ57ನ್ನೇ ಆರಿಸಿ. ಮೂಲ ಟಿಟಿ-33ಕ್ಕಿಂತ ಒಂದು ಗುಂಡು ಹೆಚ್ಚು, ಅಂದರೆ 9. ಈ ವಂಶದ ಮೂಲ ವಿನ್ಯಾಸದಲ್ಲಿ ಕೈಯಿಂದ ತಿರುಗಿಸುವ ಸೇಫ್ಟಿಯೇ ಇಲ್ಲ. ಅಂಗಡಿಯಲ್ಲಿ ಕಾಣುವ ಸೇಫ್ಟಿ ಅಮೆರಿಕದ ಆಮದು ನಿಯಮ ದಾಟಿಸಲು ನಂತರ ಕೂರಿಸಿದ್ದು. ಕೆಲವನ್ನು ಅಚ್ಚುಕಟ್ಟಾಗಿ ಕೂರಿಸಿದ್ದಾರೆ, ಕೆಲವು ಸಡಿಲ. ಯಾವುದನ್ನೂ ನಂಬಿ ಚೇಂಬರಿನಲ್ಲಿ (ನಳಿಗೆಯ ಹಿಂತುದಿಯ ಗೂಡಿನಲ್ಲಿ) ಗುಂಡು ಬಿಡಬೇಡಿ, ಹ್ಯಾಮರ್ ಅರ್ಧಕ್ಕೆ ನಿಲ್ಲುವ ಕಚ್ಚನ್ನೂ ನಂಬಬೇಡಿ.

ಕೈಯಲ್ಲಿ ಹಿಡಿದು ಪರೀಕ್ಷೆ

ಹೆಚ್ಚಿನ ತಪ್ಪು ಆಗುವುದು ಇಲ್ಲೇ. ಅವಸರ ಮಾಡಬೇಡಿ, ಅವಸರಪಡಿಸುವ ಅಂಗಡಿಯಲ್ಲಿ ನಿಲ್ಲಬೇಡಿ. ಮ್ಯಾಗಜೀನ್ ತೆಗೆಯಿರಿ, ಮೇಲಿನ ಜಾರುವ ಭಾಗವಾದ ಸ್ಲೈಡ್ ಹಿಂದಕ್ಕೆಳೆದು ಚೇಂಬರ್ ಖಾಲಿ ಇದೆಯೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ನೋಡಿ. ಬಿಚ್ಚಿ ನೋಡಲು ಅಂಗಡಿಯವರ ಒಪ್ಪಿಗೆ ಕೇಳಿ.

ನಳಿಗೆ ಬಿಚ್ಚಿದ ಮೇಲೆ ಹಿಂಬದಿಯಿಂದ ಸಣ್ಣ ಟಾರ್ಚ್ ಬಿಟ್ಟು ಒಳಗೋಡೆ ನೋಡಿ. ಉದ್ದಕ್ಕೂ ಹರಡಿದ ಕಪ್ಪು ಚುಕ್ಕೆ ತುಕ್ಕಿನ ಗುಳಿ. ತೆಳುವಾಗಿದ್ದರೆ ಗುರಿ ಕೆಡದು. ಆದರೆ ಒಂದೇ ಜಾಗದಲ್ಲಿ ಉಂಗುರದಂಥ ನೆರಳು ಸುತ್ತಿಕೊಂಡಿದ್ದರೆ ಅಲ್ಲಿ ನಳಿಗೆ ಉಬ್ಬಿದೆ: ಹಿಂದಿನ ಗುಂಡು ಒಳಗೇ ಸಿಕ್ಕಿಕೊಂಡಿದ್ದಾಗ ಇನ್ನೊಂದನ್ನು ಹಾರಿಸಿದ ಗುರುತು. ಅದನ್ನು ಅಲ್ಲೇ ಬಿಟ್ಟು ಬನ್ನಿ. ಸಿಝಡ್-82 ನೋಡುವವರಿಗೆ ಒಂದು ಎಚ್ಚರಿಕೆ: ಅದರ ನಳಿಗೆಯೊಳಗೆ ಚೂಪು ಗೆರೆಗಳು ಕಾಣುವುದಿಲ್ಲ. ಅಲ್ಲಿನದು ಬಹುಭುಜ ತಿರುವು, ಗೋಡೆ ನಯವಾಗಿಯೇ ಇರುತ್ತದೆ. 'ಸವೆದುಹೋಗಿದೆ' ಎಂದುಕೊಂಡು ಒಳ್ಳೆಯ ನಳಿಗೆಯನ್ನು ತಿರಸ್ಕರಿಸುವವರು ಬಹಳ.

ಮುಂದೆ ಹ್ಯಾಮರ್. ಪೂರ್ತಿ ಹಿಂದಕ್ಕೆಳೆದು ನಿಲ್ಲಿಸಿ, ಟ್ರಿಗರ್ ಮುಟ್ಟದೆ ಹೆಬ್ಬೆರಳಿನಿಂದ ಹ್ಯಾಮರನ್ನು ಮುಂದಕ್ಕೆ ಹದವಾಗಿ ಒತ್ತಿ. ಜಾರಿಬಿದ್ದರೆ ಹ್ಯಾಮರನ್ನು ಹಿಡಿದಿಡುವ ಸಿಯರ್ ಸವೆದಿದೆ. ಸ್ಲೈಡನ್ನು ಹಿಂದಕ್ಕೆಳೆದು ಬಿಟ್ಟಾಗ ಹ್ಯಾಮರ್ ಅದರ ಜೊತೆಗೇ ಬಿದ್ದರೂ ಅದೇ ರೋಗ. ಇಂಥದ್ದು ಒಂದೇ ಒತ್ತಿಗೆ ಎರಡು ಮೂರು ಗುಂಡು ಹಾರಿಸಬಲ್ಲದು. ಅಗ್ಗವೆಂದು ತಂದು ಆಮೇಲೆ ಸರಿಮಾಡಿಸುವ ಲೆಕ್ಕ ಹಾಕಬೇಡಿ.

ಟೊಕರೆವ್ ಗುಂಡಿನ ಇನ್ನೊಂದು ಜೆಕ್ ಪಿಸ್ತೂಲು ಸಿಝಡ್-52ರ ಮಾತೇ ಬೇರೆ. ಚೆಲುವಾದ ಪಿಸ್ತೂಲು, ರೋಲರ್ (ಉರುಳೆ) ಬೀಗದ ಕುತೂಹಲದ ವಿನ್ಯಾಸ. ಆದರೆ ಗುಂಡಿನ ಬುಡಕ್ಕೆ ಚುಚ್ಚುವ ಅದರ ಫೈರಿಂಗ್ ಪಿನ್ ಪೆಡಸು, ಖಾಲಿ ಟ್ರಿಗರ್ ಒತ್ತುತ್ತಾ ಹೋದರೆ ಮುರಿಯುತ್ತದೆ. ಇನ್ನೂ ಅಪಾಯಕಾರಿ ಅದರ ಡಿಕಾಕರ್: ಭಾಗಗಳು ಸವೆದಿದ್ದರೆ, ಹ್ಯಾಮರ್ ಇಳಿಸಲೆಂದು ಸನ್ನೆ ಒತ್ತಿದಾಗಲೇ ಗುಂಡು ಹಾರಬಹುದು. ಪರೀಕ್ಷೆಗೆ ಖಾಲಿ ಪಿಸ್ತೂಲಿನ ಮೂತಿಯನ್ನು ಮೇಲಕ್ಕೆ ಮಾಡಿ, ರಬ್ಬರ್ ತುದಿ ಕೆಳಗಿರುವಂತೆ ಪೆನ್ಸಿಲ್ ಇಳಿಬಿಟ್ಟು ಡಿಕಾಕರ್ ಒತ್ತಿ. ಪೆನ್ಸಿಲ್ ನೆಗೆದರೆ ಕೊಳ್ಳಬೇಡಿ. ನೆಗೆಯದಿದ್ದರೂ ಗುಂಡು ತುಂಬಿರುವಾಗ ಆ ಸನ್ನೆಯನ್ನು ಎಂದೂ ಬಳಸಬೇಡಿ. ರೋಲರ್ ಇದೆ, ಗಟ್ಟಿ ಎಂದು ಖಾರವಾದ ಮದ್ದು ತುಂಬಿದ ಗುಂಡು ಹಾಕುವವರಿದ್ದಾರೆ. ರೋಲರ್‌ಗಾಗಿ ಕೊರೆದ ಕಡೆ ನಳಿಗೆಯ ಗೋಡೆ ತೆಳುವಾಗಿದೆ ಎಂಬುದನ್ನು ಅವರು ನೋಡಿಲ್ಲ.

ಬೆರೆಟ್ಟಾ 92ಎಸ್‌ನಲ್ಲಿ ನಳಿಗೆಯನ್ನು ಸ್ಲೈಡಿಗೆ ಬಿಗಿಯುವ ಲಾಕಿಂಗ್ ಬ್ಲಾಕಿನ ಎರಡು ರೆಕ್ಕೆಗಳ ಬುಡದಲ್ಲಿ ಕೂದಲೆಳೆಯ ಬಿರುಕಿದೆಯೇ ನೋಡಿ. ಮ್ಯಾಗಜೀನ್ ಬಟನ್ ಹಿಡಿಯ ಕೆಳಭಾಗದಲ್ಲಿರುವುದರಿಂದ ಅದಕ್ಕೆ ಸರಿಯಾದ ಕಚ್ಚು ಇರುವ ಮ್ಯಾಗಜೀನೇ ಬೇಕು. ಫೈರಿಂಗ್ ಪಿನ್ನಿಗೆ ತಡೆ ಬಂದದ್ದು ನಂತರದ 92ಎಸ್‌ಬಿಯಲ್ಲಿ, ಇದರಲ್ಲಿಲ್ಲ.

ಹೊಳಪಿಗೆ ಮರುಳಾಗಬೇಡಿ. ಕ್ರಮಸಂಖ್ಯೆಯ ಅಂಕಿಗಳ ಅಂಚು ಮೊಂಡಾಗಿದ್ದರೆ ಉಜ್ಜಿ ಹೊಸ ಬಣ್ಣ ಕೊಟ್ಟಿದ್ದಾರೆ ಎಂದರ್ಥ. ಹಿಡಿಯ ಪಟ್ಟಿ ಬಿಚ್ಚಿಸಿ ಅಡಿಯ ಲೋಹ ನೋಡಿ, ತುಕ್ಕು ಅಡಗುವುದು ಅಲ್ಲೇ. ಬಣ್ಣ ಉದುರಿ ಒಳಗೆ ಬಿಗಿಯಾಗಿರುವ ಪಿಸ್ತೂಲು, ಮೇಲೆ ಮಿರುಗಿ ಒಳಗೆ ಸಡಿಲವಿರುವುದಕ್ಕಿಂತ ಎಷ್ಟೋ ಮೇಲು. ಆಮದುದಾರರ ಮುದ್ರೆ ಸಂಗ್ರಹಕಾರರಿಗೆ ಬೇಸರ ತರುತ್ತದೆ, ಅಭ್ಯಾಸಕ್ಕೆ ಅದರಿಂದ ತೊಂದರೆಯಿಲ್ಲ.

ಮ್ಯಾಗಜೀನ್ ಒಂದೇ ಇದ್ದರೆ ಇನ್ನೊಂದರ ಬೆಲೆ ವಿಚಾರಿಸಿಯೇ ದುಡ್ಡು ಕೊಡಿ.

ತಂದ ಮೇಲೆ

ಉಗ್ರಾಣದ ಮಾಲಿಗೆ ಕಾಸ್ಮೊಲಿನ್ ಎಂಬ ದಪ್ಪ ಗ್ರೀಸ್ ಮೆತ್ತಿರುತ್ತದೆ. ಮೇಲ್ಮೈ ಒರೆಸಿ ಸುಮ್ಮನಾದರೆ ಸಾಲದು. ಮಕಾರೊವ್‌ನ ಫೈರಿಂಗ್ ಪಿನ್ನಿಗೆ ಸ್ಪ್ರಿಂಗ್ ಇಲ್ಲ, ಅದು ತನ್ನ ಕೊಳವೆಯಲ್ಲಿ ಸಲೀಸಾಗಿ ಆಡಬೇಕು. ಗ್ರೀಸ್ ಹೆಪ್ಪುಗಟ್ಟಿ ಪಿನ್ ಮುಂದಕ್ಕೆ ಚಾಚಿ ನಿಂತರೆ, ಸ್ಲೈಡ್ ಮುಚ್ಚಿದ ಕ್ಷಣದಲ್ಲೇ ಗುಂಡು ಹಾರಬಹುದು. ಪಿನ್ ಹೊರತೆಗೆದು, ಗಾಳಿಯಾಡುವ ಜಾಗದಲ್ಲಿ, ಬೆಂಕಿಯಿಂದ ದೂರ, ಮಿನರಲ್ ಸ್ಪಿರಿಟ್ಸ್‌ನಲ್ಲಿ ಅದನ್ನೂ ಕೊಳವೆಯನ್ನೂ ತೊಳೆದು ಒಣಗಿಸಿ. ಕೊಳವೆಗೆ ಎಣ್ಣೆ ಹಾಕಬೇಡಿ. ಜೋಡಿಸಿದ ಮೇಲೆ ಖಾಲಿ ಸ್ಲೈಡನ್ನು ಕಿವಿಯ ಬಳಿ ಅಲುಗಿಸಿದರೆ ಪಿನ್ ಟಕಟಕ ಎನ್ನಬೇಕು. ಎಷ್ಟು ಗುಂಡು ಹಾರಿಸಿದೆಯೋ ಗೊತ್ತಿಲ್ಲದ ಪಿಸ್ತೂಲಿಗೆ ಸ್ಲೈಡನ್ನು ಮುಂದಕ್ಕೆ ತಳ್ಳುವ ರಿಕಾಯಿಲ್ ಸ್ಪ್ರಿಂಗ್ ಹೊಸದೇ ಹಾಕಿ.

ಹಳೆಯ ಸೇನಾ ಗುಂಡುಗಳ ಪ್ರೈಮರಿನಲ್ಲಿ (ಬುಡದ ಕಿಡಿಮದ್ದಿನಲ್ಲಿ) ಪೊಟ್ಯಾಸಿಯಂ ಕ್ಲೋರೇಟ್ ಇದ್ದರೆ, ಹಾರಿಸಿದ ಮೇಲೆ ನಳಿಗೆಯಲ್ಲಿ ಉಪ್ಪು ಉಳಿದು ತೇವ ಹೀರಿ ತುಕ್ಕು ಹಿಡಿಸುತ್ತದೆ. ಎಣ್ಣೆ ಅದನ್ನು ಕರಗಿಸದು. ಅಂದೇ ಬಿಸಿನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ ಸವರಿ.

ರೇಂಜಿನಲ್ಲಿ ಮೊದಲ ದಿನ ಮ್ಯಾಗಜೀನಿಗೆ ಒಂದೇ ಗುಂಡು ಹಾಕಿ ಹಾರಿಸಿ, ನಂತರ ಎರಡು. ಒಂದೇ ಒತ್ತಿಗೆ ಎರಡೂ ಹಾರಿದರೆ ಅಲ್ಲಿಗೇ ನಿಲ್ಲಿಸಿ ಗನ್‌ಸ್ಮಿತ್ ಬಳಿ ಒಯ್ಯಿರಿ. ಖಾಲಿ ಕೋಶಗಳನ್ನೂ ಹೆಕ್ಕಿ ನೋಡಿ: ಪ್ರೈಮರಿನ ಗುಳಿ ನಡುವಿನಲ್ಲಿರಬೇಕು, ತೂತಾಗಿರಬಾರದು, ಕೋಶದ ಹೊಟ್ಟೆ ಉಬ್ಬಿರಬಾರದು, ಸೀಳಿರಬಾರದು. ಇದೆಲ್ಲ ಸರಿಯಿದ್ದರಷ್ಟೇ ಮ್ಯಾಗಜೀನ್ ಪೂರ್ತಿ ತುಂಬಿ.