ಆಸ್ಟ್ರೇಲಿಯಾದ ಸಿಂಗಲ್ ಮಾಲ್ಟ್: ಪೀಪಾಯಿಯ ರುಚಿ ಹೋಲಿಸುವ ಕ್ರಮ

ಸಿಂಗಲ್ ಮಾಲ್ಟ್, ಅಂದರೆ ಮೊಳಕೆ ಬರಿಸಿದ ಬಾರ್ಲಿಯಿಂದಲೇ ಒಂದೇ ಡಿಸ್ಟಿಲರಿಯಲ್ಲಿ ಇಳಿಸಿದ ವಿಸ್ಕಿ. ಅದರ ನಾಲ್ಕು ಬಾಟಲಿ ಸಾಲಾಗಿಟ್ಟು ಒಂದೊಂದು ಪೆಗ್ ಸುರಿದುಕೊಂಡರೆ ಅದು ಹೋಲಿಕೆಯಲ್ಲ, ಪಾರ್ಟಿ. ವಿಸ್ಕಿ ಮಾಗಿದ ಪೀಪಾಯಿ ರುಚಿಗೆ ಏನು ಮಾಡಿದೆಯೆಂದು ತಿಳಿಯಬೇಕಾದರೆ ಪೀಪಾಯಿಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಒಂದೇ ಇರಬೇಕು: ಡಿಸ್ಟಿಲರಿ, ಮದ್ಯಸಾರದ ಪ್ರಮಾಣ, ಅಳತೆ, ಗ್ಲಾಸು.

ಆಸ್ಟ್ರೇಲಿಯಾದ ದ್ವೀಪ ರಾಜ್ಯ ಟಾಸ್ಮೇನಿಯಾದಲ್ಲಿ ಇದಕ್ಕೆ ಹೇಳಿ ಮಾಡಿಸಿದ ಬಾಟಲಿಗಳಿವೆ. ಹೋಬಾರ್ಟಿನ ಓವರೀಮ್ ಡಿಸ್ಟಿಲರಿ ತನ್ನ ಮಾಲ್ಟನ್ನು ಪೋರ್ಟ್, ಶೆರ್ರಿ (ಎರಡೂ ಮದ್ಯಸಾರ ಸೇರಿಸಿದ ವೈನ್), ಬರ್ಬನ್ (ಅಮೆರಿಕದ ವಿಸ್ಕಿ) ತುಂಬಿದ್ದ ಪೀಪಾಯಿಗಳಲ್ಲಿ ಬೇರೆಬೇರೆಯಾಗಿ ಮಾಗಿಸುತ್ತದೆ; ಶೇ. 43ರ ಬಾಟಲಿಗಳನ್ನೇ ಆರಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿನ ಇನ್ನೊಂದು ಡಿಸ್ಟಿಲರಿ ಸಲಿವನ್ಸ್ ಕೋವ್‌ನಲ್ಲಿ ಅಮೆರಿಕನ್ ಓಕ್ ಎಂದರೆ ಬರ್ಬನ್ ಪೀಪಾಯಿ, ಫ್ರೆಂಚ್ ಓಕ್ ಎಂದರೆ ಟಾನಿ (ಪೋರ್ಟ್ ಬಗೆಯ ಆಸ್ಟ್ರೇಲಿಯಾದ ವೈನ್) ತುಂಬಿದ್ದ ಪೀಪಾಯಿ. 2014ರಲ್ಲಿ ವರ್ಲ್ಡ್ ವಿಸ್ಕೀಸ್ ಅವಾರ್ಡ್ಸ್‌ನಲ್ಲಿ ಜಗತ್ತಿನ ಶ್ರೇಷ್ಠ ಸಿಂಗಲ್ ಮಾಲ್ಟ್ ಎನಿಸಿಕೊಂಡದ್ದು ಈ ಫ್ರೆಂಚ್ ಓಕ್‌ನ ಒಂದು ಪೀಪಾಯಿ. ಆ ಒಂದೇ ಪೀಪಾಯಿ, ಗಮನಿಸಿ. ಇಂದು ಕೊಳ್ಳುವ ಬಾಟಲಿ ಅದಲ್ಲ. ಹಾಗಾಗಿ ಲೇಬಲ್ಲಿನ ಪೀಪಾಯಿ ಸಂಖ್ಯೆಯನ್ನು ಬರೆದಿಟ್ಟುಕೊಳ್ಳದ ಟಿಪ್ಪಣಿ ಪ್ರಯೋಜನಕ್ಕೆ ಬಾರದು. ಮೆಲ್ಬರ್ನ್‌ನ ಸ್ಟಾರ್‌ವರ್ಡ್ ನೋವಾ ಕೆಂಪು ವೈನ್ ಪೀಪಾಯಿಯದು, ಶೇ. 41. ಅದೇ ಕಂಪನಿಯ ಟೂ-ಫೋಲ್ಡ್‌ನಲ್ಲಿ ಗೋಧಿಯೂ ಇರುವುದರಿಂದ ಅದು ಸಿಂಗಲ್ ಮಾಲ್ಟ್ ಅಲ್ಲ, ಪಕ್ಕಕ್ಕಿಡಿ.

ಲೇಬಲ್ಲಿನಲ್ಲಿ ಅಪೇರಾ ಎಂದಿದ್ದರೆ ಪೀಪಾಯಿಯಲ್ಲಿ ಮೊದಲು ಇದ್ದದ್ದು ಆಸ್ಟ್ರೇಲಿಯಾದಲ್ಲೇ ಆದ ಶೆರ್ರಿ ಬಗೆಯ ವೈನ್, ಟಾನಿ ಎಂದಿದ್ದರೆ ಪೋರ್ಟ್ ಬಗೆಯದು. ವಿಸ್ಕಿಯ ವಯಸ್ಸಿಗೆ ಹೆಚ್ಚು ಮಹತ್ವ ಕೊಡಬೇಡಿ. ಅಲ್ಲಿನ ಕಾನೂನು ಕೇಳುವುದು ಮರದಲ್ಲಿ ಕನಿಷ್ಠ 2 ವರ್ಷ ಮಾತ್ರ. ಪೀಪಾಯಿಯ ಗಾತ್ರವೇ ಹೆಚ್ಚು ಮಾತಾಡುತ್ತದೆ. 200 ಲೀಟರಿನದಕ್ಕೆ ಹೋಲಿಸಿದರೆ 20 ಲೀಟರಿನ ಪೀಪಾಯಿಯಲ್ಲಿ ಪ್ರತಿ ಲೀಟರಿಗೆ ತಾಗುವ ಮರ ಎರಡು ಪಟ್ಟಿಗೂ ಹೆಚ್ಚು. ಬಣ್ಣ, ಒಗರು ಬೇಗ ಇಳಿಯುತ್ತವೆ, ಆದರೆ ಹಸಿ ಸ್ಪಿರಿಟ್ಟಿನ ಖಾರ ಅಷ್ಟೇ ಬೇಗ ಹೋಗುವುದಿಲ್ಲ. ಬೆಂಗಳೂರಿನ ಅಮೃತ್ ವಿಸ್ಕಿಯ ಪರಿಚಯವಿದ್ದವರಿಗೆ ಕಡಿಮೆ ವರ್ಷದ, ಗಾಢ ರುಚಿಯ ಮಾಲ್ಟ್ ಹೊಸದಲ್ಲ; ಬೆಂಗಳೂರಿನಲ್ಲಿ ಸೆಕೆ ಮಾಡುವ ಕೆಲಸವನ್ನು ಆಸ್ಟ್ರೇಲಿಯಾದಲ್ಲಿ ಎಷ್ಟೋ ಸಲ ಸಣ್ಣ ಪೀಪಾಯಿ ಮಾಡುತ್ತದೆ.

ಕೋಣೆಯಲ್ಲಿ ಊದುಬತ್ತಿ, ಮಲ್ಲಿಗೆ, ಒಗ್ಗರಣೆಯ ವಾಸನೆ ಇರಬಾರದು. ಬಾಯಿ ಕಿರಿದಾದ ಒಂದೇ ಬಗೆಯ ಗ್ಲಾಸುಗಳ ತಳಕ್ಕೆ ಗುರುತು ಹಾಕಿ, ತಲಾ 15 ಮಿ.ಲೀ. ಸುರಿದು, ಮುಚ್ಚಳವಿಟ್ಟು 10 ನಿಮಿಷ ಬಿಡಿ. ಜಾಗವನ್ನು ಬೇರೆಯವರಿಂದ ಅದಲು ಬದಲು ಮಾಡಿಸಿ. ಟಾನಿಯ ಕೆಂಪು ಕಂಡರೆ ಮೂಗಿಗಿಂತ ಮೊದಲೇ ಕಣ್ಣು ತೀರ್ಪು ಕೊಟ್ಟುಬಿಡುತ್ತದೆ, ಆದ್ದರಿಂದ ದೀಪ ಮಂದವಾಗಿರಲಿ. ನಾಲ್ಕು ಗ್ಲಾಸು ಸಾಕು. 15ರಂತೆ ನಾಲ್ಕು ಎಂದರೆ ಶೇ. 43ರಲ್ಲಿ ಆಸ್ಟ್ರೇಲಿಯಾದ ಲೆಕ್ಕದ ಸುಮಾರು ಎರಡು ಸ್ಟ್ಯಾಂಡರ್ಡ್ ಡ್ರಿಂಕ್ (ಒಂದಕ್ಕೆ 10 ಗ್ರಾಂ ಮದ್ಯಸಾರ) ಆಯಿತು. ವಾಹನದ ಕೀಲಿ ಎತ್ತಿಡಿ.

ಶೇ. 60ರದ್ದು ಇದ್ದರೆ ಮೊದಲು ಸಮ ಮಾಡಿ: 15 ಮಿ.ಲೀ.ಗೆ 6 ಮಿ.ಲೀ. ನೀರು ಸೇರಿಸಿದರೆ ಹೆಚ್ಚುಕಡಿಮೆ 43ಕ್ಕೆ ಇಳಿಯುತ್ತದೆ. ಸೂಜಿಯಿಲ್ಲದ ಸಿರಿಂಜ್ ಬಳಸಿ, ಚಮಚದ ಅಂದಾಜು ಬೇಡ. ಕ್ಲೋರಿನ್ ಇರುವ ನಲ್ಲಿ ನೀರೂ ಬೇಡ. ನೀರು ಬಿದ್ದಾಗ ಮಬ್ಬಾದರೆ ಗಾಬರಿಯಾಗಬೇಡಿ. ತಣ್ಣಗಾಗಿಸಿ ಸೋಸದ ವಿಸ್ಕಿ ಹಾಗೆಯೇ.

ಎಲ್ಲವನ್ನೂ ಮೊದಲು ಮೂಸಿ, ಆಮೇಲೆ ಕುಡಿಯಿರಿ. ಬಾಯಿ ತುಸು ತೆರೆದು, ಗ್ಲಾಸಿನ ಅಂಚಿನಿಂದ ಒಂದೆರಡು ಬೆರಳು ಮೇಲೆ ಮೂಗಿಡಿ. ವೈನಿನಂತೆ ಗಿರಗಿರ ತಿರುಗಿಸಿದರೆ ಮದ್ಯಸಾರದ ಆವಿಯೇ ಮೂಗಿಗೆ ಹೊಡೆಯುತ್ತದೆ. ಅಮೆರಿಕನ್ ಓಕ್‌ನಲ್ಲಿ ವೆನಿಲ್ಲಾ, ಕೊಬ್ಬರಿ ಹುಡುಕಿ. ಫ್ರೆಂಚ್ ಓಕ್‌ನಲ್ಲಿ ಲವಂಗ. ಅಪೇರಾದಲ್ಲಿ ಒಣದ್ರಾಕ್ಷಿ, ಗೋಡಂಬಿ. ಟಾನಿಯಲ್ಲಿ ಖರ್ಜೂರ, ಬೆಲ್ಲದ ಪಾಕ. ಆಮೇಲೆ ಅರ್ಧ ಚಮಚದಷ್ಟು ಬಾಯಿಗೆ ತೆಗೆದುಕೊಂಡು ಹತ್ತು ಸೆಕೆಂಡ್ ನಾಲಿಗೆಯ ಮೇಲೆ ಹೊರಳಿಸಿ. ನುಂಗಿದ ಮೇಲೆ ಒಸಡು ಹಸಿ ಅಡಿಕೆ ಅಗಿದಂತೆ ಚೊಗರಾಗುತ್ತದೆಯೇ ನೋಡಿ. ಸ್ವಲ್ಪವಾದರೆ ಮರದ ಗುಣ. ಸಿಹಿಯೆಲ್ಲ ಮಾಯವಾಗಿ ಅದೊಂದೇ ಉಳಿದರೆ ಮರ ಅತಿಯಾಗಿದೆ. ಗ್ಲಾಸುಗಳ ನಡುವೆ ನೀರು, ಸಪ್ಪೆ ಬ್ರೆಡ್ಡು. ಮೂಗು ದಣಿದರೆ ನಿಮ್ಮದೇ ಅಂಗಿಯ ತೋಳು ಮೂಸಿ. ಕಾಫಿ ಬೀಜಕ್ಕಿಂತ ಅದು ವಾಸಿ.

ಬೆಂಕಿಕಡ್ಡಿ ಗೀರಿದ ವಾಸನೆ ಬಂದರೆ ವೈನ್ ಪೀಪಾಯಿಯ ಗಂಧಕ. ಐದು ನಿಮಿಷ ತೆರೆದಿಟ್ಟು ಮತ್ತೆ ನೋಡಿ, ಕೆಲವು ಸಲ ಹಾರಿಹೋಗುತ್ತದೆ. ತಳದಲ್ಲಿ ಕಾಲು ಭಾಗ ಉಳಿದು ತಿಂಗಳುಗಟ್ಟಲೆ ಕೂತ ಬಾಟಲಿಯನ್ನು ಹೊಸದರ ಪಕ್ಕಕ್ಕಿಟ್ಟು ಪೀಪಾಯಿಯನ್ನು ದೂರಬೇಡಿ, ಅದು ಗಾಳಿಯ ಕೆಲಸ. ಮರುದಿನ ಗ್ಲಾಸುಗಳ ಕ್ರಮ ತಿರುವಿ ಇನ್ನೊಮ್ಮೆ ರುಚಿ ನೋಡಿ: ಟಾನಿಯ ಹಿಂದೆ ಬಂದ ಬರ್ಬನ್ ಪೀಪಾಯಿ ಯಾವಾಗಲೂ ತೆಳುವಾಗಿ ಕಾಣುತ್ತದೆ.