ಬಾಡಿಗೆ ಕರಾರು ಎಷ್ಟು ತಿಂಗಳಿಗೆ ಬರೆಸಬೇಕು?

ಬೆಂಗಳೂರಿನಲ್ಲಿ ಮನೆ ನೋಡಲು ಹೋದವರು ನಲ್ಲಿ ತಿರುಗಿಸಿ ನೋಡುತ್ತಾರೆ, ಕಾವೇರಿ ನೀರು ಯಾವ ದಿನ ಬರುತ್ತದೆ ಎಂದು ಕೇಳುತ್ತಾರೆ, ಅಡ್ವಾನ್ಸಿಗೆ ಅರ್ಧ ಗಂಟೆ ಚೌಕಾಸಿ ಮಾಡುತ್ತಾರೆ. ಕರಾರಿನ ಅವಧಿ ಬಂದಾಗ ಮಾತ್ರ ‘ಎಲ್ಲರ ಹಾಗೆ ಹನ್ನೊಂದು ತಿಂಗಳು ಹಾಕಿಬಿಡಿ’ ಅನ್ನುತ್ತಾರೆ. ಮನೆ ಬಿಡುವಾಗಿನ ಜಗಳ ಹುಟ್ಟುವುದೇ ಅಲ್ಲಿ.

ಮೊದಲು ಎಷ್ಟು ದಿನ ಇರುತ್ತೀರಿ ಎಂದು ಮನೆಯವರೆಲ್ಲ ಕೂತು ಮಾತಾಡಿ. ಇದಕ್ಕೆ ಒಂದು ಕಾಫಿಯಷ್ಟು ಹೊತ್ತು ಸಾಕು.

ಆಮೇಲೆ ನೋಂದಣಿ ಬೇಕೋ ಬೇಡವೋ ತೀರ್ಮಾನಿಸಿ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಒಂದು ವರ್ಷ ಮೀರಿದ ಕರಾರನ್ನು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಲೇಬೇಕು. ಆ ಖರ್ಚು, ಓಡಾಟ ಬೇಡ ಅಂತಲೇ ಹನ್ನೊಂದು ತಿಂಗಳ ರೂಢಿ. ಸರಿಯಾಗಿ 12 ತಿಂಗಳು ಬರೆದರೂ ವರ್ಷ ಮೀರುವುದಿಲ್ಲ, ಆದರೂ ಒಂದು ತಿಂಗಳು ಕೈಯಲ್ಲಿರಲಿ ಅಂತ ಬಿಡುತ್ತಾರೆ. ಮೂರು ವರ್ಷಕ್ಕೆ ಬರೆದು ‘ನೋಟರಿ ಸೀಲ್ ಹಾಕಿಸಿದರೆ ಸಾಕು ಸಾರ್’ ಎನ್ನುವವರನ್ನು ನಂಬಬೇಡಿ. ನೋಟರಿ ಬೇರೆ, ನೋಂದಣಿ ಬೇರೆ. ನೋಂದಣಿಯಾಗದ ಅಂಥ ಕರಾರಿನ ಷರತ್ತುಗಳನ್ನು ಕೋರ್ಟ್ ಸಾಕ್ಷ್ಯವಾಗಿ ಒಪ್ಪುವುದಿಲ್ಲ. ಲಕ್ಷಗಟ್ಟಲೆ ಕೊಟ್ಟು ಮೂರು ವರ್ಷ ಭೋಗ್ಯಕ್ಕೆ ಹಾಕಿಕೊಳ್ಳುವವರಂತೂ ನೋಂದಣಿ ಇಲ್ಲದೆ ದುಡ್ಡು ಕೈಬಿಡಲೇಬೇಡಿ.

ಈಗ ತಾರೀಕು. ಹೆಚ್ಚಿನವರು ಎಡವುವುದು ಇಲ್ಲೇ. ಜೂನ್ 1ರಿಂದ ಶುರುವಾದ ಹನ್ನೊಂದು ತಿಂಗಳು ಏಪ್ರಿಲ್ 30ಕ್ಕೆ ಮುಗಿಯುತ್ತದೆ. ‘ಮೇ 31ರವರೆಗೆ’ ಅಂತಲೂ ‘ಹನ್ನೊಂದು ತಿಂಗಳು’ ಅಂತಲೂ ಒಂದೇ ಪುಟದಲ್ಲಿ ಬರೆದ ಕರಾರುಗಳನ್ನು ನಾನೇ ನೋಡಿದ್ದೇನೆ. ಬೆರಳು ಮಡಚಿ ಎಣಿಸಿ. ಏಪ್ರಿಲ್ 30 ಒಳ್ಳೆಯ ದಿನವೇ: ಪರೀಕ್ಷೆ ಮುಗಿದಿರುತ್ತದೆ, ಆಷಾಢ ಇನ್ನೂ ದೂರ. ಆದರೆ ಮತ್ತೆ ಹನ್ನೊಂದಕ್ಕೆ ಬರೆಸಿದರೆ ಮಾರ್ಚ್ 31 ಆಗುತ್ತದೆ. ಮೂರನೇ ಸಲ ಫೆಬ್ರುವರಿ ಕೊನೆ. ಎಸ್ಸೆಸ್ಸೆಲ್ಸಿ ಓದುವ ಮಗುವನ್ನು ಕೂರಿಸಿಕೊಂಡು ಆಗ ಪಾತ್ರೆ ಕಟ್ಟಕ್ಕಾಗತ್ತಾ? ಹಾಗಾಗಿ ಮೊದಲ ಸಲ 11 ಇರಲಿ, ಎರಡನೇ ಸಲದಿಂದ 12 ಕೇಳಿ, ತಾರೀಕು ಜರುಗುವುದಿಲ್ಲ. ಕರಾರು ಮುಗಿಯುವ ದಿನ ಆಷಾಢದಲ್ಲೋ ಪಿತೃಪಕ್ಷದಲ್ಲೋ ಬೀಳದಂತೆಯೂ ನೋಡಿಕೊಳ್ಳಿ. ನೀವು ನಂಬದಿದ್ದರೂ ಹೊಸ ಮನೆಯ ಓನರ್ ನಂಬಬಹುದು, ಅತ್ತೆಯವರಂತೂ ಖಂಡಿತ ನಂಬುತ್ತಾರೆ.

ಇಲ್ಲೇ ಬಾಡಿಗೆ ಏರಿಕೆಯನ್ನೂ ನೋಡಿ. 20,000 ಬಾಡಿಗೆಗೆ ಶೇ 5 ಅಂದರೆ ತಿಂಗಳಿಗೆ 1,000 ಜಾಸ್ತಿ. ಕರಾರು ಹನ್ನೊಂದಾದರೆ ಏರಿಕೆಯೂ ಹನ್ನೊಂದಕ್ಕೇ ಬರುತ್ತದೆ. ‘12 ತಿಂಗಳು ತುಂಬಿದ ಮೇಲೆ’ ಅಂತ ಬರೆಸಿ. ಒಂದು ಸಾಲು, ಅಷ್ಟೇ.

ಲಾಕ್-ಇನ್ ಅನ್ನುವುದು ಅವಧಿಯೊಳಗಿನ ಇನ್ನೊಂದು ಅವಧಿ, ಅದು ಮುಗಿಯುವ ಮೊದಲು ಮನೆ ಬಿಟ್ಟರೆ ಉಳಿದ ತಿಂಗಳ ಬಾಡಿಗೆ ಕೇಳುತ್ತಾರೆ. ನನ್ನ ಅಕ್ಕನ ಮಗ ವೈಟ್‌ಫೀಲ್ಡ್‌ನಲ್ಲಿ ಹನ್ನೊಂದು ತಿಂಗಳ ಕರಾರಿಗೆ ಹನ್ನೊಂದು ತಿಂಗಳ ಲಾಕ್-ಇನ್‌ಗೂ ಸಹಿ ಹಾಕಿದ್ದ. ಐದನೇ ತಿಂಗಳಿಗೆ ಪುಣೆಗೆ ವರ್ಗವಾಯಿತು. ಉಳಿದ ಆರು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಂಡರು, ಪೇಂಟಿಂಗಿಗೆ ಅಂತ ಇನ್ನೊಂದು ತಿಂಗಳದ್ದು ಬೇರೆ. ಲಾಕ್-ಇನ್ ಬೇಡವೇ ಬೇಡ ಅನ್ನಿ. ಓನರ್ ಒಪ್ಪದಿದ್ದರೆ ಮೂರು ತಿಂಗಳು, ಮೇಲೆ ಒಂದು ತಿಂಗಳ ನೋಟಿಸ್. ಅದಕ್ಕಿಂತ ಜಾಸ್ತಿ ಕೇಳಿದರೆ ನಾನಾಗಿದ್ದರೆ ಬೇರೆ ಮನೆ ನೋಡುತ್ತೇನೆ.

ಅವಧಿ ಮುಗಿದರೂ ‘ನಮ್ಮ ಓನರ್ ಒಳ್ಳೆಯವರು’ ಅಂತ ಸುಮ್ನೆ ಬಾಡಿಗೆ ಕಟ್ಟುತ್ತಾ ಕೂರಬೇಡಿ. ಆಗ ಅದು ಸಾಮಾನ್ಯವಾಗಿ ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಲ್ಲಿ ಅದನ್ನು ಮುಗಿಸಲು 15 ದಿನದ ನೋಟಿಸ್ ಸಾಕು. ಮುಗಿಯುವ ಎರಡು ತಿಂಗಳ ಮೊದಲೇ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ.

ಕೊನೆಗೆ ಟೈಪಿಂಗ್. ಜೆರಾಕ್ಸ್ ಅಂಗಡಿಗಳ ರೆಡಿ ಕರಾರಿನಲ್ಲಿ ಹೆಸರು ಬದಲಿಸಿ ಹತ್ತು ನಿಮಿಷದಲ್ಲಿ ಕೈಗೆ ಕೊಡುತ್ತಾರೆ. ಸಹಿಗೆ ಮುಂಚೆ ಪ್ರತಿ ಪುಟ ಓದಿ. ನಮ್ಮ ಹಿಂದಿನ ಮನೆಯ ಕರಾರಿನ ಮೊದಲ ಪುಟದಲ್ಲಿ ನನ್ನ ಹೆಸರಿತ್ತು. ಎರಡನೇ ಪುಟದಿಂದ ಬಾಡಿಗೆದಾರರು ಯಾರೋ ಬೇರೆಯವರು, ಅವರ ಅವಧಿಯೂ ಹಿಂದಿನ ವರ್ಷವೇ ಮುಗಿದಿತ್ತು.