"ರಕ್ತನಾಳ ಕಿರಿದಾಗಿದೆ" ಎಂದಷ್ಟೇ ಬರೆದರೆ ಸಾಲದು: ರೋಗನಿರ್ಣಯ ದಾಖಲೆ ಮತ್ತು ಕೋಡಿಂಗ್

ಡಿಸ್ಚಾರ್ಜ್ ಸಮ್ಮರಿಯಲ್ಲಿ "ರಕ್ತನಾಳ ಕಿರಿದಾಗಿದೆ" ಎಂಬ ಒಂದೇ ಸಾಲಿದ್ದರೆ ಕೋಡರ್ (ಕಾಯಿಲೆಗೆ ಕೋಡ್ ಸಂಖ್ಯೆ ಕೊಡುವ ದಾಖಲೆ ಸಿಬ್ಬಂದಿ) ಕೈಗೆ ಸಿಗುವುದು ಐ77.1 ಎಂಬ ಕೋಡ್ ಮಾತ್ರ (ಐ ಎಂದರೆ ಇಂಗ್ಲಿಷಿನ I ಅಕ್ಷರ). ಅಂದರೆ ಎಲ್ಲೋ ಒಂದು ಅಪಧಮನಿ ಸಣ್ಣದಾಗಿದೆ ಎಂದಷ್ಟೇ. ಯಾವ ನಾಳ, ಎಡವೋ ಬಲವೋ, ಯಾವ ಕಾರಣದಿಂದ, ಈಗ ಏನು ತೊಂದರೆ ಕೊಡುತ್ತಿದೆ ಎಂಬ ನಾಲ್ಕು ಸಂಗತಿಗಳು ವೈದ್ಯರ ಬರಹದಲ್ಲೇ ಇರಬೇಕು. ಮೂಡಿಗೆರೆಯಲ್ಲೋ ಸಕಲೇಶಪುರದಲ್ಲೋ ಇಸಿಜಿ ಆಗಿ, ಹಾಸನದಲ್ಲಿ ದಾಖಲಾಗಿ, ಆಂಜಿಯೋಗ್ರಾಂಗೆ ಮೈಸೂರಿನ ಜಯದೇವಕ್ಕೆ ಹೋಗಿ, ಮಾತ್ರೆಗೆ ಮತ್ತೆ ಊರಿನ ಆಸ್ಪತ್ರೆಗೇ ಬರುವ ರೋಗಿಗೆ ಇದು ಇನ್ನೂ ಮುಖ್ಯ. ಹಿಂದಿನ ವೈದ್ಯರು ಏನು ಕಂಡರು ಎಂಬುದು ಮುಂದಿನವರಿಗೆ ಆ ಕಾಗದದಿಂದಲೇ ತಿಳಿಯಬೇಕು.

ಮೊದಲು ಯಾವ ಪುಸ್ತಕದಿಂದ ಕೋಡ್ ತೆಗೆಯುತ್ತಿದ್ದೀರಿ ನೋಡಿಕೊಳ್ಳಿ. ನಮ್ಮ ಆಸ್ಪತ್ರೆಗಳ ದಾಖಲೆ ವಿಭಾಗಗಳು ಬಳಸುವುದು ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಕೋಡ್ ಪಟ್ಟಿಯಾದ ಐಸಿಡಿ-10. ನೆಟ್‌ನಲ್ಲಿ ಹುಡುಕಿದಾಗ ಮೊದಲು ಎದುರಾಗುವುದು ಅಮೆರಿಕದ ಐಸಿಡಿ-10-ಸಿಎಂ. ಹೃದಯದ ನಾಳದಲ್ಲಿ ಕೊಬ್ಬು ಕಟ್ಟಿದ್ದರೆ ನಮ್ಮದು ಐ25.1, ಅವರದು ಎದೆನೋವಿಲ್ಲದಿದ್ದರೆ ಐ25.10, ಅಸ್ಥಿರ ಎದೆನೋವಿದ್ದರೆ ಐ25.110. ಅಮೆರಿಕದ ಕ್ಲೇಮ್ ಕೆಲಸ ಮಾಡುವವರಿಗೆ ಉದ್ದದ ಕೋಡೇ ಸರಿ, ಜಿಲ್ಲಾ ಆಸ್ಪತ್ರೆಯ ರಿಜಿಸ್ಟರಿಗೆ ಅದು ಹೊಂದುವುದಿಲ್ಲ. ಕೈಬರಹದಲ್ಲಿ ಐ ಅಕ್ಷರ 1ರಂತೆ ಕಾಣುವುದರಿಂದ ಬಿಪಿಯ ಐ10 ಎಂಬುದು 110 ಎಂದು ಟೈಪ್ ಆಗುವುದುಂಟು. ಅಕ್ಷರಕ್ಕೆ ಮೇಲೆ ಕೆಳಗೆ ಅಡ್ಡಗೆರೆ ಎಳೆದು ಬರೆಯಿರಿ.

ಹೃದಯದ ಕೇಸಿನಲ್ಲಿ ಆಂಜಿಯೋಗ್ರಾಂ ವರದಿಯ ಸಾರವನ್ನು ಸಮ್ಮರಿಗೆ ಇಳಿಸಿ: ಎಲ್‌ಎಡಿ (ಹೃದಯದ ಮುಂಭಾಗದ ನಾಳ) ಆರಂಭದ ಭಾಗದಲ್ಲಿ 80%, ಆರ್‌ಸಿಎ (ಹೃದಯದ ಬಲ ನಾಳ) ನಡುವೆ 50% ಕಿರಿದಾಗಿದೆ, ಹೀಗೆ. ಶೇಕಡಾವಾರು ಕೋಡಿನಲ್ಲಿ ಕಾಣದಿದ್ದರೂ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ಪೂರ್ವಾನುಮತಿ ಕೊಡುವವರು ಮೊದಲು ಹುಡುಕುವುದು ಅದನ್ನೇ. ಸಾಮಾನ್ಯವಾಗಿ 70% ಮತ್ತು ಮೇಲ್ಪಟ್ಟದ್ದನ್ನು ಗಂಭೀರ ಎನ್ನುತ್ತಾರೆ, ಎಡ ಮುಖ್ಯ ನಾಳಕ್ಕೆ ಮಾತ್ರ 50% ಸಾಕು. ಯೋಜನೆಯ ಪ್ಯಾಕೇಜ್ ಕೋಡ್ ಬೇರೆ, ಐಸಿಡಿ ಕೋಡ್ ಬೇರೆ. ಒಂದು ಚಿಕಿತ್ಸೆಯದು, ಇನ್ನೊಂದು ಕಾಯಿಲೆಯದು. ಎರಡೂ ಒಂದಕ್ಕೊಂದು ಒಪ್ಪುವಂತಿರಬೇಕು. ಸ್ಟೆಂಟ್ ಹಾಕಿದ್ದರೆ ಪೆಟ್ಟಿಗೆಯ ಸ್ಟಿಕ್ಕರ್ ಕೇಸ್ ಶೀಟಿಗೆ ಅಂಟಿಸಿ. ಮುಂದಿನ ಭೇಟಿಗಳಲ್ಲಿ ಐ25.1ರ ಜೊತೆ ಸ್ಟೆಂಟ್ ಇದೆ ಎಂದು ತಿಳಿಸುವ ಝಡ್95.5 ಸೇರಿಸಿ.

ಹೃದಯಾಘಾತಕ್ಕೆ ದಿನಾಂಕವೇ ಕೋಡ್ ನಿರ್ಧರಿಸುತ್ತದೆ. ಆಘಾತವಾಗಿ 4 ವಾರದೊಳಗೆ ಐ21. ಬೇರೆ ಆಸ್ಪತ್ರೆಗೆ ವರ್ಗವಾದರೂ ಅದೇ. 4 ವಾರ ದಾಟಿದ ಹಳೆಯ ಆಘಾತಕ್ಕೆ ಐ25.2. "ಹಳೇ ಎಂಐ" (ಎಂಐ ಎಂದರೆ ಹೃದಯಾಘಾತ) ಎಂದು ಬರೆದು ದಿನಾಂಕ ಬಿಟ್ಟರೆ 20 ದಿನದ ರೋಗಿಯೂ ಹಳಬನಾಗಿಬಿಡುತ್ತಾನೆ. ಮುಂಭಾಗದ ಗೋಡೆಯದಾದರೆ ಐ21.0, ಕೆಳಗೋಡೆಯದಾದರೆ ಐ21.1. ಗೋಡೆಯ ಹೆಸರಾಗಲಿ ಆಘಾತದ ಬಗೆಯಾಗಲಿ ಇಲ್ಲದಿದ್ದರೆ ಐ21.9 ಬಿಟ್ಟು ದಾರಿಯಿಲ್ಲ.

ಕತ್ತಿನ (ಕರೋಟಿಡ್) ನಾಳ ಕಿರಿದಾದದ್ದು ಐ65.2, ಆದರೆ ಮೆದುಳಿನ ಭಾಗ ಸಾಯದೆ ಇದ್ದಾಗ ಮಾತ್ರ. ಅದರಿಂದಲೇ ಲಕ್ವ ಹೊಡೆದಿದ್ದರೆ ಐ63ರ ಗುಂಪಿಗೆ ಹೋಗಿ. ಮೂತ್ರಪಿಂಡದ ನಾಳದಲ್ಲಿ ಕೊಬ್ಬು ಕಟ್ಟಿದ್ದರೆ ಐ70.1, ಅದರಿಂದ ಬಿಪಿ ಏರಿದ್ದರೆ ಐ15.0 ಕೂಡ.

ಹೆಚ್ಚು ಎಡವುವುದು ಕಾಲಿನ ನಾಳಗಳಲ್ಲಿ. "ತೋಟದ ಏರು ಹತ್ತುವಾಗ ಮೀನಖಂಡ ಹಿಡಿಯುತ್ತೆ, ನಿಂತರೆ ಬಿಡುತ್ತೆ" ಎಂದು ರೋಗಿ ಹೇಳಿದರೆ ಆ ಮಾತನ್ನು ಹಾಗೇ ಬರೆದುಕೊಳ್ಳಿ. ಪಕ್ಕದಲ್ಲಿ ಸಮತಟ್ಟಿನಲ್ಲಿ ಎಷ್ಟು ಮೀಟರ್ ನಡೆದರೆ ನೋವು, ರಾತ್ರಿ ಮಲಗಿದಾಗಲೂ ಇದೆಯೇ, ಹುಣ್ಣಿದೆಯೇ, ಬೆರಳು ಕಪ್ಪಾಗಿದೆಯೇ ಎಂದು ಸೇರಿಸಿ. ಮಳೆಗಾಲದಲ್ಲಿ ಬರುವ ಕಾಲಿನ ಗಾಯವನ್ನು "ಇಂಬಳ ಕಚ್ಚಿದ್ದು" ಎಂದು ಬರೆದು ಮುಗಿಸಬೇಡಿ. ವಾರಗಟ್ಟಲೆ ಮಾಯದ ಗಾಯಕ್ಕೆ ಪಾದದ ನಾಡಿ ಮುಟ್ಟಿ ನೋಡಿ, ಸಿಕ್ಕಿತೋ ಇಲ್ಲವೋ ಎರಡೂ ಕಾಲಿಗೆ ಬೇರೆಬೇರೆಯಾಗಿ ನಮೂದಿಸಿ.

ಡಾಪ್ಲರ್ (ರಕ್ತದ ಹರಿವನ್ನು ಕೇಳಿಸುವ ಯಂತ್ರ) ಇದ್ದರೆ ಎಬಿಐ, ಅಂದರೆ ಕಣಕಾಲು-ತೋಳಿನ ಒತ್ತಡದ ಅನುಪಾತ, ಅಳೆಯಿರಿ: ಕಣಕಾಲಿನ ಎರಡು ನಾಡಿಗಳಲ್ಲಿ ಹೆಚ್ಚಿನ ಒತ್ತಡವನ್ನು, ಎರಡು ತೋಳುಗಳಲ್ಲಿ ಹೆಚ್ಚಿನದರಿಂದ ಭಾಗಿಸಬೇಕು. ತೋಳಿನಲ್ಲಿ 140, ಕಣಕಾಲಿನಲ್ಲಿ 98 ಬಂದರೆ 0.70. 0.90 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ನಾಳ ಕಿರಿದಾಗಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳದ ಗೋಡೆಗೆ ಸುಣ್ಣ ಕಟ್ಟಿ, ಬಿಪಿ ಪಟ್ಟಿ ಒತ್ತಿದರೂ ನಾಳ ಮುಚ್ಚದೆ 1.40 ಮೀರಿದ ಅಂಕಿ ಬರಬಹುದು. ಅದನ್ನು "ಚೆನ್ನಾಗಿದೆ" ಎಂದು ಓದಿದರೆ ಕಾಲೇ ಹೋದೀತು. ಅಂಥವರಿಗೆ ಹೆಬ್ಬೆರಳಿನ ಒತ್ತಡ ಅಳೆಯಬೇಕು.

ಕೋಡ್: ಕೊಬ್ಬು ಕಟ್ಟಿದ ಕಾಲಿನ ನಾಳಕ್ಕೆ ಐ70.2, ಟೈಪ್ 2 ಸಕ್ಕರೆ ಕಾಯಿಲೆಯಿಂದ ಎಂದು ವೈದ್ಯರು ಬರೆದಿದ್ದರೆ ಇ11.5, ಜೊತೆಗೆ ನಕ್ಷತ್ರ ಚಿಹ್ನೆಯ (ಮೂಲ ಕಾಯಿಲೆಯ ಕೋಡಿನ ಜೊತೆಗೇ ಬರೆಯುವ) ಐ79.2. ಬೀಡಿ ಸೇದುವ ಎಳೆವಯಸ್ಸಿನವರಲ್ಲಿ ಬರ್ಗರ್ ಕಾಯಿಲೆ (ಕೈಕಾಲಿನ ಸಣ್ಣ ನಾಳಗಳು ಉರಿಯೂತದಿಂದ ಮುಚ್ಚುವುದು) ಎಂದು ನಿರ್ಣಯವಾಗಿದ್ದರೆ ಐ73.1. ಏನೂ ತಿಳಿಯದಾಗ ಮಾತ್ರ ಐ73.9.

ಸಂಕ್ಷೇಪಗಳ ಬಗ್ಗೆ ಒಂದು ಎಚ್ಚರಿಕೆ. ಎಸ್‌ವಿಡಿ ಎಂದರೆ ಹೃದಯದವರಿಗೆ ಒಂದೇ ನಾಳದ ಕಾಯಿಲೆ, ನರರೋಗದವರಿಗೆ ಮೆದುಳಿನ ಸಣ್ಣ ನಾಳಗಳದ್ದು. ಪಿವಿಡಿ ಕಾಲಿನ ನಾಳದ ಕಾಯಿಲೆಯೂ ಆಗಬಹುದು, ಕಣ್ಣಿನೊಳಗಿನ ದ್ರವ ಪದರ ಕಳಚುವುದೂ ಆಗಬಹುದು. ಎಎಸ್ ಎಂದು ಬರೆದದ್ದು ಬಹುಪಾಲು ಮಹಾಪಧಮನಿಯ ಕವಾಟ ಕಿರಿದಾದದ್ದು, ಐ35.0, ಅದು ರಕ್ತನಾಳದ ಕಾಯಿಲೆಯೇ ಅಲ್ಲ. ಪೂರ್ತಿ ಹೆಸರು ಬರೆಯಿಸಿ.

ಕೋಡರ್ ಸ್ಕ್ಯಾನ್ ವರದಿ ನೋಡಿ ತಾನೇ ನಿರ್ಣಯ ಬರೆಯುವಂತಿಲ್ಲ. ವೈದ್ಯರಿಗೆ ಪ್ರಶ್ನೆ ಕಳಿಸಬೇಕು, ಉತ್ತರವನ್ನು ಅವರ ಬಾಯಿಗೆ ತುರುಕಬಾರದು. "ಇದು ಐ70.2 ತಾನೆ?" ಎನ್ನುವ ಬದಲು "ಬಲಗಾಲಿನ ಎಬಿಐ 0.62, ಪಾದದಲ್ಲಿ ಹುಣ್ಣಿದೆ. ಕಾರಣವಾದ ಕಾಯಿಲೆ ಯಾವುದೆಂದು ದಾಖಲಿಸಿ" ಎನ್ನಿ.

ಮರಣ ಪ್ರಮಾಣಪತ್ರದ ವಿಷಯಕ್ಕೆ ಬಂದರೆ, 2025ರಲ್ಲಿ ಹಾಸನದ ಹೃದಯಾಘಾತದ ಸಾವುಗಳ ಸುದ್ದಿ ರಾಜ್ಯವನ್ನೇ ಹೆದರಿಸಿತ್ತು. ತಜ್ಞರ ಸಮಿತಿ 24 ಸಾವುಗಳನ್ನು ಪರಿಶೀಲಿಸಿದಾಗ 4 ಹೃದಯಕ್ಕೆ ಸಂಬಂಧಿಸಿದವೇ ಆಗಿರಲಿಲ್ಲ. ಸಾವಿನ ಕಾರಣ ಬರೆಯಲು, ಆಸ್ಪತ್ರೆಯಲ್ಲಿ ಸತ್ತರೆ ನಮೂನೆ 4, ಹೊರಗಾದರೆ 4ಎ. "ಹೃದಯ ಸ್ತಂಭನ" ಎಂದು ಬರೆಯಬೇಡಿ. ಅದು ಎಲ್ಲ ಸಾವಿನಲ್ಲೂ ಆಗುವುದೇ. ಉದಾಹರಣೆಗೆ, ಮೊದಲ ಸಾಲಿನಲ್ಲಿ ಮುಂಭಾಗದ ಗೋಡೆಯ ತೀವ್ರ ಹೃದಯಾಘಾತ, ಅವಧಿ 2 ಗಂಟೆ. ಅದರ ಕೆಳಗೆ ಹೃದಯದ ನಾಳದ ಕಾಯಿಲೆ, 6 ವರ್ಷ. ಎರಡನೇ ಭಾಗದಲ್ಲಿ ಸಕ್ಕರೆ ಕಾಯಿಲೆ, 12 ವರ್ಷ. ಅವಧಿಯ ಕಾಲಂ ಖಾಲಿ ಬಿಡದೆ ಮನೆಯವರನ್ನು ಕೇಳಿಯಾದರೂ ತುಂಬಿಸಿ.